ಹಳದಿಯೊಳಗೆ ಅಡಗಿದ ಕೆಂಪು

ಮದುವೆಯ ಕರೆಯೋಲೆಯ ಮೂಲೆಗೆ ಅರಿಶಿನ ಹಚ್ಚದೆ ಹಂಚುವವರು ನಮ್ಮಲ್ಲಿ ಕಡಿಮೆ. ಅಕ್ಷತೆಗೆ ಅರಿಶಿನ, ಹೊಸ್ತಿಲಿಗೆ ಅರಿಶಿನ. ಚಿನ್ನದ ತಾಳಿಗೆ ಗತಿಯಿಲ್ಲದ ಕಡೆ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬೇ ಮಾಂಗಲ್ಯ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಕನ್ನಡ ಬಾವುಟದಲ್ಲಿರುವುದೂ ಅರಿಶಿನ-ಕುಂಕುಮದ ಬಣ್ಣವೇ.

ಹ್ಯಾಂಡ್‌ಪೋಸ್ಟ್ ಸುತ್ತಿನ ಹೆಗ್ಗಡದೇವನಕೋಟೆ ಸೀಮೆಯಿಂದ ಗುಂಡ್ಲುಪೇಟೆ, ಚಾಮರಾಜನಗರದವರೆಗೆ ರೈತರು ಅರಿಶಿನ ಬೆಳೆಯುತ್ತಾರೆ. ಗೆಡ್ಡೆಯನ್ನು ಅಗೆದು, ಬೇಯಿಸಿ, ಒಣಗಿಸಿ, ಉಜ್ಜಿ ಹೊಳಪು ಬರಿಸಿದ ಮೇಲೆ ಅದು ಮಾರುಕಟ್ಟೆ ಸೇರುತ್ತದೆ.

ಈ ಬಣ್ಣಕ್ಕೆ ಮೂಲ ಕರ್ಕ್ಯುಮಿನ್ ಎಂಬ ವಸ್ತು. ವೋಗೆಲ್ ಮತ್ತು ಪೆಲ್ಟಿಯೆ ಅದನ್ನು 1815ರಲ್ಲಿ ಬೇರ್ಪಡಿಸಿದರು. ಅದರ ಅಣುರಚನೆ ತಿಳಿದದ್ದು 1910ರಲ್ಲಿ. ನೀರಿನಲ್ಲಿ ಅದು ಕರಗುವುದಿಲ್ಲವೆನ್ನಬಹುದು, ಎಣ್ಣೆಯಲ್ಲಿ ಕರಗುತ್ತದೆ. ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆ ಹಳದಿಯಾಗುವುದು ಇದರಿಂದಲೇ. ಬಟ್ಟೆಯ ಮೇಲಿನ ಅರಿಶಿನದ ಕಲೆ ಬರೀ ನೀರಿಗೆ ಜಗ್ಗದು. ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಆ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುವುದನ್ನು ನೀವೂ ನೋಡಿರಬೇಕು. ಸೋಪು ಕ್ಷಾರ, ಸುಣ್ಣವೂ ಕ್ಷಾರ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದೊಡನೆ ಆರತಿಯ ಓಕುಳಿ ಸಿದ್ಧ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ! ಹಳೆಯ ಕಾಲದ ಕುಂಕುಮವೂ ಕೆಂಪಾಗಿಸಿದ ಅರಿಶಿನವೇ.

ಆದರೆ ಗಿರಾಕಿ ಕೇಳುವುದು ಕಣ್ಣು ಕುಕ್ಕುವ ಹಳದಿಯನ್ನು. ಈ ಆಸೆಯೇ ಕಲಬೆರಕೆಗೆ ದಾರಿ. ಉಜ್ಜುವ ಹಂತದಲ್ಲಿ ಕೆಲವರು ಬೆರೆಸುವುದು ಸೀಸದ ಕ್ರೋಮೇಟನ್ನು. ಹತ್ತೊಂಬತ್ತನೇ ಶತಮಾನದಲ್ಲಿ ಯೂರೋಪಿನ ಚಿತ್ರಕಾರರ ಕೈಗೆ ಬಂದ ಬಣ್ಣವಿದು. ವ್ಯಾನ್ ಗೋ ಬರೆದ ಸೂರ್ಯಕಾಂತಿ ಹೂಗಳಲ್ಲಿಯೂ ಇದೆ. ಚಿತ್ರಕ್ಕೆ ಸರಿ, ಹೊಟ್ಟೆಗೆ ವಿಷ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಇಷ್ಟಾದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ.

ಇದನ್ನು ತಡೆಯಲು ಸಾಧ್ಯವೆಂದು ಬಾಂಗ್ಲಾದೇಶ ತೋರಿಸಿದೆ. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ ಶೇ. 47ರಷ್ಟರಲ್ಲಿ ಸೀಸವಿತ್ತು. ಪರೀಕ್ಷೆ, ದಂಡ, ಪ್ರಚಾರ ಮೂರೂ ಕೂಡಿದ ಮೇಲೆ 2021ರಲ್ಲಿ ಅದು ಸೊನ್ನೆಗೆ ಇಳಿಯಿತು.

ಮನೆಯಲ್ಲಿ ಸುಣ್ಣದ ಪರೀಕ್ಷೆ ಇದಕ್ಕೆ ಸಾಲದು. ಕಲಬೆರಕೆಯ ಪುಡಿಯಲ್ಲೂ ಅರಿಶಿನ ಇರುವುದರಿಂದ ಅದೂ ಕೆಂಪಾಗುತ್ತದೆ. ಇಡೀ ಕೊಂಬನ್ನು ಒಂದು ಲೋಟ ನೀರಿಗೆ ಹಾಕಿ ನೋಡಿ. ತಕ್ಷಣ ಗಾಢ ಹಳದಿ ಬಿಟ್ಟರೆ ಅನುಮಾನಿಸಿ. ಖಚಿತ ಉತ್ತರ ಪ್ರಯೋಗಾಲಯದ್ದೇ. ಕೊಂಬು ಕೊಂಡು ಮನೆಯಲ್ಲೇ ಪುಡಿ ಮಾಡಿಸುವುದು ಮೇಲು. ಒಳ್ಳೆಯ ಅರಿಶಿನದ ಮೈ ತುಸು ಮಂಕಾಗಿಯೇ ಇರುತ್ತದೆ. ಮಂಕಾಗಿದೆಯೆಂದು ಅದನ್ನು ಬಿಟ್ಟು ಹೊಳೆಯುವುದನ್ನು ಆರಿಸಬೇಡಿ.