ಧಮನಿಗಳ ಸ್ಥಿತಿಸ್ಥಾಪಕತ್ವವೂ ಅದನ್ನು ಕುಂದಿಸುವ ಕಾರಣಗಳೂ

ಧಮನಿಗಳು ಗಡಸಾಗುವುವೆಂಬ ಮಾತು ಒಂದೇ ರೋಗದ ಹೆಸರೆಂಬಂತೆ ಬಳಕೆಯಲ್ಲಿದೆ. ವಸ್ತುತಃ ಈ ಮಾತಿನಲ್ಲಿ ಎರಡು ಬೇರೆ ಬೇರೆ ವಿಕಾರಗಳು ಅಡಗಿವೆ. ಇವುಗಳ ಭೇದವನ್ನು ಅರಿಯದಿದ್ದರೆ, ಹೃದ್ರೋಗಕ್ಕೆ ಕಾರಣಗಳೆಂದು ಎಣಿಸಲ್ಪಟ್ಟಿರುವ ವಯಸ್ಸು, ರಕ್ತದೊತ್ತಡ, ಮಧುಮೇಹ, ಧೂಮಪಾನ, ಕೊಲೆಸ್ಟರಾಲ್ ಮೊದಲಾದುವು ದೊಡ್ಡ ಧಮನಿಗಳ ಮೇಲೆ ಮಾಡುವ ಪರಿಣಾಮವು ಸ್ಪಷ್ಟವಾಗದು.

ಮಹಾಧಮನಿಯು ರಕ್ತವನ್ನು ಒಯ್ಯುವ ಬರಿಯ ಕೊಳವೆಯಲ್ಲ. ಇಂಗ್ಲೆಂಡಿನ ಪಾದ್ರಿಯಾದ ಸ್ಟೀಫನ್ ಹೇಲ್ಸನು 1733ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದರ ಕಾರ್ಯವನ್ನು ಬೆಂಕಿಯಾರಿಸುವ ಯಂತ್ರದ ವಾಯುಕೋಶಕ್ಕೆ ಹೋಲಿಸಿದನು. ಹೃದಯವು ಸಂಕೋಚಗೊಂಡಾಗ ಮಹಾಧಮನಿಯು ಹಿಗ್ಗಿ, ಬಂದ ರಕ್ತದಲ್ಲಿ ಒಂದು ಭಾಗವನ್ನು ತನ್ನಲ್ಲಿ ಹಿಡಿದಿಡುತ್ತದೆ. ಹೃದಯವು ವಿಶ್ರಮಿಸುವಾಗ ಕುಗ್ಗಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಇದರಿಂದಲೇ ಬಿಟ್ಟುಬಿಟ್ಟು ಹೊರಡುವ ರಕ್ತವು ಸೂಕ್ಷ್ಮನಾಳಗಳಲ್ಲಿ ಎಡೆಬಿಡದೆ ಹರಿಯುತ್ತದೆ. 1899ರಲ್ಲಿ ಜರ್ಮನಿಯ ಆಟೋ ಫ್ರಾಂಕನು ಈ ತತ್ತ್ವವನ್ನು ಗಣಿತರೂಪಕ್ಕೆ ತಂದನು.

ಈ ಗುಣಕ್ಕೆ ಆಧಾರವು ಧಮನಿಯ ಗೋಡೆಯ ನಡುಪದರದಲ್ಲಿರುವ ಎಲಾಸ್ಟಿನ್ ಎಂಬ ತಂತು. ಅದು ಬಹುಮಟ್ಟಿಗೆ ಗರ್ಭದಲ್ಲಿಯೂ ಬಾಲ್ಯದಲ್ಲಿಯೂ ನಿರ್ಮಿತವಾಗುತ್ತದೆ. ಪ್ರಾಯಬಂದ ಮೇಲೆ ಹೊಸದಾಗಿ ಹುಟ್ಟುವುದು ಅತ್ಯಲ್ಪ. ಹೃದಯವು ದಿನಕ್ಕೆ ಸುಮಾರು 1 ಲಕ್ಷ ಸಲ ಮಿಡಿಯುವುದರಿಂದ ಈ ತಂತುಗಳು ದಶಕಗಳ ಎಳೆತಕ್ಕೆ ಸಿಕ್ಕಿ ಸವೆದು ಮುರಿಯುತ್ತವೆ. ಆಗ ಭಾರವು ಕೊಲ್ಯಾಜೆನ್ ಎಂಬ ಬಿಗಿಯಾದ ತಂತುವಿನ ಮೇಲೆ ಬೀಳುತ್ತದೆ. ಹೆಚ್ಚಿದ ರಕ್ತದೊತ್ತಡವು ಈ ಸವೆತವನ್ನು ತ್ವರೆಗೊಳಿಸುತ್ತದೆ. ಮಧುಮೇಹದಲ್ಲಿ ಸಕ್ಕರೆಯು ಕೊಲ್ಯಾಜೆನ್ ತಂತುಗಳನ್ನು ಒಂದಕ್ಕೊಂದು ಬೆಸೆದು ಅವುಗಳ ಬಿಗುವನ್ನು ಹೆಚ್ಚಿಸುತ್ತದೆ. ಇದು ಮೊದಲನೆಯ ವಿಕಾರ.

ಎರಡನೆಯದು ಒಳಪದರದ್ದು. ಅಲ್ಲಿ ಕೊಲೆಸ್ಟರಾಲ್ ಸೇರಿ ಗಂಟುಗಟ್ಟಿ ದಾರಿಯನ್ನು ಕಿರಿದುಗೊಳಿಸುತ್ತದೆ. 1904ರಲ್ಲಿ ಮಾರ್ಷಾಂದನು ಇದಕ್ಕೆ ಅಥೆರೊಸ್ಕ್ಲೆರೋಸಿಸ್ ಎಂಬ ಹೆಸರನ್ನಿತ್ತನು. ಗ್ರೀಕ್ ಭಾಷೆಯಲ್ಲಿ ಅಥೇರೆ ಎಂದರೆ ಅಂಬಲಿ, ಸ್ಕ್ಲೆರೋಸ್ ಎಂದರೆ ಗಡಸು. ಹೆಸರಿನಲ್ಲಿ ಗಡಸುತನವಿದ್ದರೂ ಇಲ್ಲಿ ಮುಖ್ಯವಾದ ಕೇಡು ಮಾರ್ಗರೋಧವೇ ಹೊರತು ಸ್ಥಿತಿಸ್ಥಾಪಕತ್ವದ ನಾಶವಲ್ಲ.

ಈ ಭೇದವು ಅಳತೆಯಿಂದಲೂ ದೃಢಪಟ್ಟಿದೆ. ಧಮನಿಯು ಬಿಗಿದಷ್ಟೂ ನಾಡಿಯ ಅಲೆಯು ವೇಗವಾಗಿ ಸಾಗುತ್ತದೆ. ಇದರ ಸೂತ್ರವನ್ನು ಹಾಲೆಂಡಿನ ಮೋನ್ಸ್ ಮತ್ತು ಕೋರ್ಟೆವೆಗ್ ಎಂಬವರು 1878ರಲ್ಲಿ ಪ್ರಕಟಿಸಿದರು. ಕತ್ತಿನಿಂದ ತೊಡೆಯ ಸಂದಿಯವರೆಗೆ ಅಲೆಯ ವೇಗವು ಸೆಕೆಂಡಿಗೆ 10 ಮೀಟರನ್ನು ಮೀರಿದರೆ ಅಪಾಯಸೂಚಕವೆಂದು 2012ರಲ್ಲಿ ಯುರೋಪಿನ ತಜ್ಞರು ನಿಶ್ಚಯಿಸಿದರು. ಹಿಂದಿನ ಅನೇಕ ಸಂಶೋಧನೆಗಳನ್ನು ಒಟ್ಟುಗೂಡಿಸಿ 2009ರಲ್ಲಿ ನಡೆಸಿದ ವಿಮರ್ಶೆಯಲ್ಲಿ, ಈ ವೇಗಕ್ಕೆ ವಯಸ್ಸು ಮತ್ತು ರಕ್ತದೊತ್ತಡಗಳೊಡನೆ ಪ್ರಬಲವಾದ ಸಂಬಂಧವೂ, ಮಧುಮೇಹದೊಡನೆ ಅಲ್ಪವಾದ ಸಂಬಂಧವೂ ಕಂಡುಬಂದುವು. ಕೊಲೆಸ್ಟರಾಲ್ ಮತ್ತು ಧೂಮಪಾನಗಳ ಸಂಬಂಧವು ಬಹುಮಟ್ಟಿಗೆ ಕಾಣಲಿಲ್ಲ. ಆದರೂ ಧೂಮಪಾನವು ನಿರಪಾಯವೆಂದು ಭಾವಿಸಲಾಗದು. ಅದು ಒಳಪದರವನ್ನು ಕೆಡಿಸುವುದು ನಿಸ್ಸಂದೇಹ.

ರಕ್ತದೊತ್ತಡದಿಂದ ಬಿಗುವು ಹುಟ್ಟುವುದೋ, ಬಿಗುವಿನಿಂದ ರಕ್ತದೊತ್ತಡವೋ ಎಂಬ ಪ್ರಶ್ನೆಯು ಬೀಜವೃಕ್ಷನ್ಯಾಯವನ್ನು ನೆನಪಿಗೆ ತರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮಿನಲ್ಲಿ 1948ರಲ್ಲಿ ಆರಂಭವಾದ ಅಧ್ಯಯನದ 2012ರ ವರದಿಯೊಂದು, ಬಿಗುವು ರಕ್ತದೊತ್ತಡಕ್ಕಿಂತ ಮೊದಲೇ ತಲೆದೋರಬಹುದೆಂದು ಸೂಚಿಸಿತು. ಹೇಗಾದರೂ ಒಂದು ಮತ್ತೊಂದನ್ನು ಬೆಳೆಯಿಸುತ್ತದೆ.

ಇದರ ಫಲವು ಘೋರವಾದುದು. ಬಿಗಿದ ಧಮನಿಯಲ್ಲಿ ಸಂಕೋಚಕಾಲದ ಒತ್ತಡವು ಏರಿ ಹೃದಯದ ಭಾರವು ಹೆಚ್ಚುತ್ತದೆ. ವಿಶ್ರಾಂತಿಕಾಲದ ಒತ್ತಡವು ಇಳಿದು, ಆಗಲೇ ದೊರೆಯಬೇಕಾದ ಹೃದಯದ ಸ್ವಂತ ರಕ್ತಪೋಷಣೆಯು ಕುಂದುತ್ತದೆ. ತಗ್ಗದೆ ಉಳಿದ ಮಿಡಿತದ ಪೆಟ್ಟು ಮಿದುಳು ಮತ್ತು ಮೂತ್ರಪಿಂಡಗಳ ಸೂಕ್ಷ್ಮನಾಳಗಳಿಗೆ ತಾಗುತ್ತದೆ.

ಆದುದರಿಂದ ಕೊಲೆಸ್ಟರಾಲ್ ಮಿತಿಯಲ್ಲಿರುವ ಮಾತ್ರಕ್ಕೆ ಧಮನಿಗಳು ಮೃದುವಾಗಿವೆಯೆಂದು ನಂಬುವಂತಿಲ್ಲ. ಮುರಿದ ಎಲಾಸ್ಟಿನ್ ಮರಳಿ ಮೊದಲಿನಂತಾಗದು. ಉಪ್ಪಿನ ಮಿತಿ, ನಿಯತವಾದ ವ್ಯಾಯಾಮ, ರಕ್ತದೊತ್ತಡದ ಸಕಾಲ ಚಿಕಿತ್ಸೆ ಇವು ಉಳಿದುದನ್ನು ಕಾಪಾಡುವ ಉಪಾಯಗಳು; ಇವನ್ನು ಮುಪ್ಪಿನವರೆಗೆ ಮುಂದೂಡದೆ ನಡುವಯಸ್ಸಿಗೆ ಮುಂಚೆಯೇ ಕೈಕೊಳ್ಳುವುದು ಯುಕ್ತವು.