343 ಕೋಟಿ ವರ್ಷದ ಕಾಯಕ, ಕಲ್ಲಿನಲ್ಲಿ

ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಎಂಬ ಕೆಂಪು ಬೆಂಗಾಡಿನಲ್ಲಿ, ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲಿನ ನಡುವೆ, ಒಂದು ಬಂಡೆಯ ಮೈಯಲ್ಲಿ ಪುಟ್ಟ ಪುಟ್ಟ ಶಂಕುಗಳು ಸಾಲಾಗಿ ನಿಂತಿವೆ. ಒಂದೊಂದು ಶಂಕುವಿನಲ್ಲೂ ಪದರದ ಮೇಲೆ ಪದರ, ಅದರ ಮೇಲೆ ಮತ್ತೊಂದು ಪದರ, ಎಲ್ಲವೂ ತುದಿಯಲ್ಲಿ ಚೂಪಾಗಿ ಮೇಲಕ್ಕೆದ್ದಿವೆ. 1984ರಲ್ಲಿ ಭೂವಿಜ್ಞಾನಿ ಅಲೆಕ್ ಟ್ರೆಂಡಾಲ್ ಕಣ್ಣಿಗೆ ಬಿದ್ದ ಈ ಬಂಡೆಯ ವಯಸ್ಸು ಸುಮಾರು 343 ಕೋಟಿ ವರ್ಷ. ಭೂಮಿಯ ವಯಸ್ಸೇ 454 ಕೋಟಿ! ಆಗ ಹುಲ್ಲಿಲ್ಲ, ಮೀನಿಲ್ಲ, ಹುಳವಿಲ್ಲ, ಗಾಳಿಯಲ್ಲಿ ಉಸಿರಾಡಲು ಆಮ್ಲಜನಕವೇ ಇಲ್ಲ. ಅಂಥ ಕಾಲದಲ್ಲಿ, ಆಳವಿಲ್ಲದ ಕಡಲಿನ ತಳದಲ್ಲಿ, ಬರಿಗಣ್ಣಿಗೆ ಕಾಣದ ಜೀವಿಗಳು ಈ ಶಂಕುಗಳನ್ನು ಕಟ್ಟಿದವು. ಕಟ್ಟಿದ್ದು ಇಂದಿಗೂ ನಿಂತಿದೆ!

ಇವೇ ಸ್ಟ್ರೊಮ್ಯಾಟೊಲೈಟ್‌ಗಳು. ಪಳೆಯುಳಿಕೆ ಎಂದರೆ ನಮಗೆ ಮೂಳೆ, ಚಿಪ್ಪು, ಎಲೆಯ ಅಚ್ಚು ನೆನಪಾಗುತ್ತವೆ. ಇಲ್ಲಿ ಅದ್ಯಾವುದೂ ಇಲ್ಲ. ಕಟ್ಟಿದವರ ದೇಹ ಹೆಚ್ಚಿನ ಕಡೆ ಹೆಸರಿಲ್ಲದಂತೆ ಕರಗಿಹೋಗಿದೆ, ಉಳಿದಿರುವುದು ಅವರ ಕಾಯಕ ಮಾತ್ರ. ಸೂಕ್ಷ್ಮಜೀವಿಗಳ ಒಂದು ತೆಳುಹಾಸು ನೀರಿನಡಿ ಹರಡುತ್ತದೆ, ಅದರ ಅಂಟು ಲೋಳೆಗೆ ಸಣ್ಣ ಮರಳು, ಕೆಸರಿನ ಕಣಗಳು ಸಿಕ್ಕಿಕೊಳ್ಳುತ್ತವೆ, ನೀರಿನಲ್ಲಿ ಕರಗಿದ್ದ ಸುಣ್ಣ ಅಲ್ಲೇ ಗಟ್ಟಿಯಾಗುತ್ತದೆ. ಬೆಳಕು ಮುಚ್ಚಿಹೋಯಿತೆಂದು ಜೀವಿಗಳು ಮೇಲಕ್ಕೆ ಸರಿದು ಹೊಸ ಹಾಸು ಹಾಸುತ್ತವೆ. ಮತ್ತೆ ಕೆಸರು, ಮತ್ತೆ ಹಾಸು. ಇಷ್ಟೇ. ಈ ಸರಳ ಕೆಲಸವನ್ನೇ ಸಾವಿರಾರು ವರ್ಷ ಬಿಡದೆ ಮಾಡಿದರೆ ಬಂಡೆಗಳು ಏಳುತ್ತವೆ!

1908ರಲ್ಲಿ ಜರ್ಮನಿಯ ಅರ್ನ್ಸ್ಟ್ ಕಾಲ್ಕೋವ್ಸ್ಕಿ ಇವಕ್ಕೆ ಈ ಹೆಸರಿಟ್ಟು, ಇದು ಜೀವಿಗಳ ಕೆಲಸವೇ ಎಂದಾಗ ನಂಬದವರೂ ಇದ್ದರು. ನಂಬಿಕೆ ಗಟ್ಟಿಯಾದದ್ದು 1950ರ ದಶಕದಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಜೀವಂತ ಸ್ಟ್ರೊಮ್ಯಾಟೊಲೈಟ್‌ಗಳು ಬೆಳೆಯುತ್ತಿರುವುದು ಗೊತ್ತಾದ ಮೇಲೆ. ಅಲ್ಲಿನ ಹ್ಯಾಮೆಲಿನ್ ಪೂಲ್ ಎಂಬ ಕೊಲ್ಲಿಯ ನೀರು ಕಡಲಿಗಿಂತ ಸುಮಾರು ಎರಡು ಪಟ್ಟು ಉಪ್ಪು. ಹಾಸನ್ನು ಮೇಯುವ ಬಸವನಹುಳುಗಳಿಗೆ ಅದು ಆಗಿಬರುವುದಿಲ್ಲ, ಹಾಗಾಗಿ ಹಾಸು ಬದುಕಿದೆ. ವರ್ಷಕ್ಕೆ ಅರ್ಧ ಮಿಲಿಮೀಟರ್ ಬೆಳೆದರೆ ಹೆಚ್ಚು. ಒಂದು ಕಾಲದಲ್ಲಿ ಉಣ್ಣೆಯ ಮೂಟೆ ಹೊತ್ತ ಗಾಡಿಗಳು ಈ ದಡದ ಹಾಸಿನ ಮೇಲೆ ಓಡಾಡುತ್ತಿದ್ದವು. ಗಾಡಿಗಳು ನಿಂತು ದಶಕಗಳೇ ಕಳೆದರೂ ಚಕ್ರದ ಜಾಡು ಇನ್ನೂ ಮಾಸಿಲ್ಲ! 1991ರಲ್ಲಿ ಶಾರ್ಕ್ ಬೇ ವಿಶ್ವ ಪರಂಪರೆಯ ತಾಣವಾಯಿತು.

ಇಷ್ಟು ತಾಳ್ಮೆಯಿಂದ ಕಟ್ಟಿದ್ದನ್ನು ನಾವು ಸುತ್ತಿಗೆಯ ಒಂದೇ ಏಟಿಗೆ ಒಡೆದು ಚೀಲಕ್ಕೆ ಹಾಕಿಕೊಳ್ಳಬಹುದು. ನನ್ನ ಎದೆ ಹೊಡೆದುಕೊಳ್ಳುವುದು ಇಲ್ಲಿ. ಚೀಲಕ್ಕೆ ಬಿದ್ದ ಕಲ್ಲಿನಲ್ಲಿ ಚೆಂದದ ಗೆರೆಗಳಿರುತ್ತವೆ, ಆದರೆ ಅದರ ಮಾತು ಅರ್ಧಕ್ಕರ್ಧ ನಿಂತುಹೋಗಿರುತ್ತದೆ. ಯಾವ ಬದಿ ಮೇಲಿತ್ತು? ಪಕ್ಕದಲ್ಲಿ ಏನಿತ್ತು? ಕೆಳಗಿನ ಪದರ ಯಾವುದು? ಈ ಶಂಕುಗಳು, ಗುಮ್ಮಟಗಳು ಬೆಳೆದದ್ದು ಬೆಳಕಿನ ಕಡೆಗೆ. ಬೆಟ್ಟಗಳು ಮಡಿಸಿಕೊಂಡು ಪದರಗಳು ತಲೆಕೆಳಗಾದ ಕಡೆ ಯಾವುದು ಹಳೆಯದು, ಯಾವುದು ಹೊಸದು ಎಂದು ಭೂವಿಜ್ಞಾನಿಗಳು ತೀರ್ಮಾನಿಸುವುದು ಇವುಗಳ ಉಬ್ಬು ಯಾವ ಕಡೆಗಿದೆ ಎಂದು ನೋಡಿಯೂ ಹೌದು. 250 ಕೋಟಿ ವರ್ಷ ಹಿಂದೆ ಬಿಸಿಲು ಬಿದ್ದ ದಿಕ್ಕನ್ನು ಕಲ್ಲು ಇವತ್ತಿಗೂ ತೋರಿಸುತ್ತದೆ!

ಅದಕ್ಕೇ ತಿಳಿದವರು ಕಲ್ಲನ್ನು ತೆಗೆಯುವ ಮೊದಲು ಅದರ ಮೇಲೊಂದು ಬಾಣ ಬರೆಯುತ್ತಾರೆ: ಈ ಕಡೆ ಮೇಲೆ. ದಿಕ್ಸೂಚಿ ಇಟ್ಟು ಪದರದ ಓರೆ ಅಳೆಯುತ್ತಾರೆ, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುತ್ತಾರೆ, ಜಿಪಿಎಸ್ ಗುರುತು ಬರೆದುಕೊಳ್ಳುತ್ತಾರೆ. ಸಾಧ್ಯವಾದಷ್ಟೂ ಬಂಡೆಯಿಂದ ಆಗಲೇ ಉದುರಿದ ತುಂಡನ್ನೇ ಆರಿಸುತ್ತಾರೆ. ಪ್ರಯೋಗಾಲಯದಲ್ಲಿ ವಜ್ರದ ಗರಗಸದಿಂದ ಪದರಗಳಿಗೆ ಅಡ್ಡಲಾಗಿ ಕೊಯ್ದು, ನುಣುಪಾಗಿ ಉಜ್ಜಿ, ಒಂದು ಚೂರನ್ನು ಗಾಜಿಗೆ ಅಂಟಿಸಿ 0.03 ಮಿಲಿಮೀಟರ್ ದಪ್ಪಕ್ಕೆ ತೇಯುತ್ತಾರೆ. ಆಗ ಕಲ್ಲಿನೊಳಗೆ ಬೆಳಕು ಹಾದುಹೋಗುತ್ತದೆ! ಕೊಯ್ಯದ ಭಾಗವನ್ನು ಸಂಖ್ಯೆ ಬರೆದು ಕಾಪಿಡುತ್ತಾರೆ, ಮುಂದೆ ಇನ್ನೂ ಹರಿತವಾದ ಉಪಕರಣ ಬಂದಾಗ ಬೇಕಾಗುತ್ತದೆಂದು. ವಾರ್ನಿಷ್ ಬಳಿದು ಮಿಂಚಿಸಿದರೆ ಕಲ್ಲು ಶೋಕೇಸಿಗೆ ಆದೀತು, ರಾಸಾಯನಿಕ ಪರೀಕ್ಷೆಗೆ ಕೆಟ್ಟಿತು.

ಒಂದೇ ಮುಖ ನೋಡಿ ತೀರ್ಪು ಕೊಡಬಾರದೆಂಬುದಕ್ಕೆ ಗ್ರೀನ್‌ಲೆಂಡಿನ ಕತೆ ಕೇಳಿ. 2016ರಲ್ಲಿ ಅಲೆನ್ ನಟ್‌ಮನ್ ಮತ್ತು ಸಂಗಡಿಗರು ಅಲ್ಲಿನ ಇಸುವಾದ 370 ಕೋಟಿ ವರ್ಷದ ಬಂಡೆಯಲ್ಲಿ ಸ್ಟ್ರೊಮ್ಯಾಟೊಲೈಟ್ ಶಂಕುಗಳಿವೆ ಎಂದರು. ಜಗತ್ತೇ ಬೆರಗಾಯಿತು. ಆಮೇಲೆ ಅಬಿಗೇಲ್ ಆಲ್‌ವುಡ್ ತಂಡ ಅದೇ ಜಾಗವನ್ನು ನೋಡಿ, ಬಂಡೆಯನ್ನು ಇನ್ನೊಂದು ಬದಿಯಿಂದಲೂ ಪರೀಕ್ಷಿಸಿತು. ಮುಂದಿನಿಂದ ಶಂಕುವಾಗಿ ಕಂಡದ್ದು ಪಕ್ಕದಿಂದ ಉದ್ದನೆಯ ಏಣಾಗಿತ್ತು! ಇದು ಜೀವಿಗಳ ಕೆಲಸವಲ್ಲ, ಒತ್ತಡಕ್ಕೆ ಸಿಕ್ಕ ಬಂಡೆ ಮಡಿಸಿಕೊಂಡದ್ದು ಎಂಬುದು 2018ರಲ್ಲಿ ಅವರು ಮುಂದಿಟ್ಟ ವಾದ. ಮೊದಲ ತಂಡ ಒಪ್ಪಿಲ್ಲ. ಆದರೆ ಈ ಚರ್ಚೆ ನಡೆಯಲು ಸಾಧ್ಯವಾದದ್ದೇ ಬಂಡೆ ತನ್ನ ಜಾಗದಲ್ಲಿ ಉಳಿದಿದ್ದರಿಂದ.

ಇದೇ ಆಲ್‌ವುಡ್ 2006ರಲ್ಲಿ ಪಿಲ್ಬರಾದ ಆ ಶಂಕುಗಳ ಪದರವನ್ನು ಕಿಲೋಮೀಟರುಗಟ್ಟಲೆ ಹಿಂಬಾಲಿಸಿ ಏಳು ಬಗೆಯ ಆಕಾರಗಳನ್ನು ಗುರುತಿಸಿದ್ದರು. ಒಂದು ಬಗೆ ಮೊಟ್ಟೆಯ ಟ್ರೇಯಂತೆ ಉಬ್ಬುತಗ್ಗು. ನೀರಿನ ಆಳ, ಅಲೆಯ ಹೊಡೆತ ಬದಲಾದಂತೆ ಆಕಾರವೂ ಬದಲಾಗುತ್ತದೆ. ಒಂದು ಶಂಕುವನ್ನು ಕಿತ್ತು ತಂದಿದ್ದರೆ ಇದು ತಿಳಿಯುತ್ತಿತ್ತೇ? ಊರಿಗೆ ಊರೇ ಅಲ್ಲಿದ್ದದ್ದರಿಂದ ಊರಿನ ಕತೆ ಸಿಕ್ಕಿತು. ಆ ಜಾಗ ಈಗ ಟ್ರೆಂಡಾಲ್ ಹೆಸರಿನ ಭೂಪರಂಪರೆಯ ಮೀಸಲು.

ಹಾಗೆಂದು ಏನನ್ನೂ ಮುಟ್ಟಲೇಬಾರದೆಂದಲ್ಲ. ಪಿಲ್ಬರಾದಲ್ಲೇ ಡ್ರೆಸ್ಸರ್ ಎಂಬ ಇನ್ನೂ ಹಳೆಯ ಸ್ಟ್ರೊಮ್ಯಾಟೊಲೈಟ್ ಪದರಗಳಿವೆ, ಸುಮಾರು 348 ಕೋಟಿ ವರ್ಷದವು. ಮೇಲ್ಮೈಯಲ್ಲಿ ಗಾಳಿ, ಮಳೆ, ಬಿಸಿಲಿಗೆ ಕಲ್ಲು ತುಕ್ಕು ಹಿಡಿದು ಒಳಗಿನ ಜೈವಿಕ ಅಂಶ ಹಾಳಾಗಿತ್ತು. ವಿಜ್ಞಾನಿಗಳು ಬೋರ್ ಕೊರೆದು ಆಳದಿಂದ ಕೋರ್, ಅಂದರೆ ಕಲ್ಲಿನ ಉದ್ದನೆಯ ತುಂಡು, ತೆಗೆದರು. 2019ರಲ್ಲಿ ರಾಫೆಲ್ ಬಾಮ್‌ಗಾರ್ಟ್ನರ್ ಮತ್ತು ಸಂಗಡಿಗರು ಆ ಕೋರಿನ ಪೈರೈಟ್ ಖನಿಜದೊಳಗೆ ಜೈವಿಕ ಇಂಗಾಲ ಇನ್ನೂ ಉಳಿದಿರುವುದನ್ನು ತೋರಿಸಿದರು. ಕರಗಿಹೋಯಿತೆಂದುಕೊಂಡ ದೇಹದ ಚೂರು, ತುಕ್ಕು ತಾಕದ ಆಳದಲ್ಲಿ!

ನಮ್ಮಲ್ಲೂ ಇವೆ, ಧಾರಾಳವಾಗಿ. ಉದಯಪುರದ ಬಳಿಯ ಝಾಮರಕೋಟ್ರಾದಲ್ಲಿ 1968ರಲ್ಲಿ ರಾಕ್ ಫಾಸ್ಫೇಟ್ ನಿಕ್ಷೇಪ ಪತ್ತೆಯಾಯಿತು. ಅಲ್ಲಿ ಫಾಸ್ಫೇಟ್ ಕೂಡಿಕೊಂಡಿರುವುದೇ ಸ್ಟ್ರೊಮ್ಯಾಟೊಲೈಟ್ ಕಂಬಗಳಲ್ಲಿ. ಗಣಿಯಿಂದ ಅದು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಆ ಪ್ರಾಚೀನ ಜೀವಿಗಳು ಕೂಡಿಟ್ಟದ್ದು ಇವತ್ತಿನ ಪೈರಿನ ಬೇರಿಗೆ! ಅದರ ಒಂದು ಭಾಗವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಗುರುತಿಸಿರುವುದು ನನಗೆ ದೊಡ್ಡ ನೆಮ್ಮದಿ.

ಕರ್ನಾಟಕದಲ್ಲಿ? ಬಾಗಲಕೋಟೆ ಸೀಮೆಯ ಕಲಾದಗಿ ಪದರಗಳ ಡಾಲಮೈಟ್ ಶಿಲೆಯಲ್ಲಿವೆ. ಅವಕ್ಕಿಂತ ಬಹಳ ಹಳೆಯವು ಚಿತ್ರದುರ್ಗದ ಶಿಲಾಪಟ್ಟಿಯಲ್ಲಿವೆ, 250 ಕೋಟಿ ವರ್ಷಕ್ಕೂ ಹಿಂದಿನವು. ಆ ಪದರಗಳ ಹೆಸರೇ ವಾಣಿವಿಲಾಸ! ವಾಣಿವಿಲಾಸ ಸಾಗರವೆಂದೂ ಕರೆಯುವ ಮಾರಿಕಣಿವೆ ಜಲಾಶಯಕ್ಕೆ ಪ್ರವಾಸ ಹೋಗುವ ನಾವು ನೀರನ್ನು ನೋಡಿ ಮರಳುತ್ತೇವೆ, ಆ ಸೀಮೆಯ ಸುಣ್ಣಕಲ್ಲಿನಲ್ಲಿ ಬೇರೊಂದು ಪ್ರಾಚೀನ ನೀರಿನ ಹಾಸು ಮಡಿಸಿಕೊಂಡು ಕುಳಿತಿದೆ. ಶಾಲೆಯ ಮೇಷ್ಟ್ರುಗಳೇ, ನಿಮ್ಮ ಮಕ್ಕಳಿಗೆ ಅದನ್ನು ಒಮ್ಮೆ ತೋರಿಸಿ. ಸುತ್ತಿಗೆ ಬೇಡ, ಭೂತಗನ್ನಡಿ, ಕ್ಯಾಮೆರಾ, ನೋಟ್‌ಬುಕ್ಕು ಸಾಕು. ಸುತ್ತಲೂ ನಡೆದು ನೂರಾರು ಫೋಟೊ ತೆಗೆದರೆ ಕಂಪ್ಯೂಟರಿನಲ್ಲಿ ಬಂಡೆಯ ಮೂರು ಆಯಾಮದ ಪ್ರತಿರೂಪವೇ ತಯಾರಾಗುತ್ತದೆ, ಬಂಡೆಯ ಒಂದು ಕಣವೂ ಕದಲದೆ.

ಕಲ್ಲು ಓದುವ ಇದೇ ಕಲೆ ಈಗ ಬೇರೆ ಗ್ರಹಕ್ಕೂ ಹೋಗಿದೆ. 2019ರಲ್ಲಿ ಮಂಗಳ ಗ್ರಹದ ಯೋಜನೆಗಳ ವಿಜ್ಞಾನಿಗಳು ಪಿಲ್ಬರಾಕ್ಕೆ ಬಂದು, ಪ್ರಾಚೀನ ಜೀವದ ಗುರುತು ಬಂಡೆಯಲ್ಲಿ ಹೇಗೆ ಕಾಣುತ್ತದೆಂದು ಕಣ್ಣಾರೆ ನೋಡಿ ಹೋದರು. 2021ರ ಫೆಬ್ರವರಿಯಲ್ಲಿ ಪರ್ಸಿವಿಯರೆನ್ಸ್ ರೋವರ್ ಮಂಗಳನ ಜೆಜೆರೊ ಕುಳಿಯಲ್ಲಿ, ಒಂದು ಕಾಲದ ಕೆರೆಯ ಜಾಗದಲ್ಲಿ ಇಳಿಯಿತು. ಆಗ ಅದರ ಪಿಕ್ಸಲ್ ಎಂಬ ಉಪಕರಣದ ಮುಖ್ಯ ವಿಜ್ಞಾನಿಯಾಗಿದ್ದವರು ಯಾರು ಗೊತ್ತೇ? ಗ್ರೀನ್‌ಲೆಂಡಿನ ಬಂಡೆಯನ್ನು ಪಕ್ಕದಿಂದ ನೋಡಿದ ಅದೇ ಅಬಿಗೇಲ್ ಆಲ್‌ವುಡ್! ರೋವರ್ ಕೊರೆದು ಕೊಳವೆಯಲ್ಲಿ ಮುಚ್ಚಿಟ್ಟ ಶಿಲಾ ಮಾದರಿಗಳಿಗೂ, ಕೊರೆಯುವ ಮುನ್ನ ತೆಗೆದ ಚಿತ್ರಗಳಿಂದ, ಯಾವ ಬದಿ ಮೇಲಿತ್ತು, ಯಾವ ದಿಕ್ಕಿಗಿತ್ತು ಎಂಬ ಲೆಕ್ಕ ಇಟ್ಟಿದ್ದಾರೆ.