ಹಿಂದುಳಿದವರ ಸಂಜಯ

ಕುರುಕ್ಷೇತ್ರದ ಯುದ್ಧವನ್ನು ಧೃತರಾಷ್ಟ್ರನಿಗೆ ಬಣ್ಣಿಸಿದ ಸಂಜಯನನ್ನು ನಾವೆಲ್ಲ ಬಲ್ಲೆವು. ಬಾನುಲಿಯಲ್ಲಿ ಆಟಗಳ ವೀಕ್ಷಕ ವಿವರಣೆ ಬರತೊಡಗಿದ ಮೇಲೆ ಅವನ ಹೆಸರನ್ನು ಎಷ್ಟು ಬಾರಿ ಎಳೆದು ತಂದಿದ್ದೇವೆಂದರೆ, ಆ ಹೋಲಿಕೆ ಹಳೆಯ ನಾಣ್ಯದಂತೆ ಸವೆದುಹೋಗಿದೆ. ಆದರೆ ಅವನ ವಿಷಯದಲ್ಲಿ ಒಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಸಂಜಯ ಅರಮನೆಯಲ್ಲಿ ಕುಳಿತೇ ಎಲ್ಲವನ್ನೂ ಕಂಡವನಲ್ಲ. ವ್ಯಾಸಭಾರತದಲ್ಲಿ ಅವನು ರಣರಂಗಕ್ಕೂ ಹೋಗುತ್ತಾನೆ. ಯುದ್ಧದ ಕೊನೆಯಲ್ಲಿ ಸಾತ್ಯಕಿಯ ಕೈಗೆ ಸೆರೆ ಸಿಕ್ಕುತ್ತಾನೆ. ವ್ಯಾಸರು ಬಂದು ಬಿಡಿಸದಿದ್ದರೆ ಅವನ ತಲೆ ಉಳಿಯುತ್ತಿರಲಿಲ್ಲ. ಕಥೆ ಹೇಳಿದವನು ಕಥೆಯ ಧೂಳನ್ನು ಮೈಗೆ ಮೆತ್ತಿಕೊಂಡೇ ಬಂದವನು.

೨೦೧೮ರ ಡಿಸೆಂಬರ್ ೨ರಂದು ಉಗಾಂಡದ ಕಂಪಾಲಾದಲ್ಲಿ, ತಮ್ಮ ಮನೆಯಲ್ಲಿ, ೬೨ನೆಯ ವಯಸ್ಸಿಗೆ ತೀರಿಕೊಂಡ ಪಾಲ್ ಶೆರ್ವೆನ್ ಅವರನ್ನು ನೆನೆದಾಗಲೆಲ್ಲ ನನ್ನ ಮನಸ್ಸಿಗೆ ಬರುವುದು ಈ ಸಂಜಯ, ಧೂಳು ಮೆತ್ತಿದ ಸಂಜಯ. ನಮ್ಮಲ್ಲಿ ಶೆರ್ವೆನ್ನರ ಹೆಸರು ಕೇಳಿದವರು ವಿರಳ. ಆದರೆ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಗಳ ಸೈಕಲ್ ಪ್ರಿಯರಿಗೆ ಮೂರು ದಶಕಗಳ ಕಾಲ ಜುಲೈ ತಿಂಗಳೆಂದರೆ ಎರಡು ದನಿಗಳು: ಒಂದು ಫಿಲ್ ಲಿಗೆಟ್ ಅವರದು, ಇನ್ನೊಂದು ಶೆರ್ವೆನ್ನರದು. ಲಿಗೆಟ್ಟರು ವಯಸ್ಸಿನಲ್ಲಿ ಹಿರಿಯರು, ಪತ್ರಕರ್ತರಾಗಿ ಈ ಲೋಕಕ್ಕೆ ಬಂದವರು. ಶೆರ್ವೆನ್ನರು ಬಂದದ್ದು ಸೈಕಲ್ಲಿನ ಜೀನಿನ ಮೇಲಿಂದ.

ಅವರು ವಿವರಿಸುತ್ತಿದ್ದ ಸ್ಪರ್ಧೆ ಮುಖ್ಯವಾಗಿ ಟೂರ್ ದ ಫ್ರಾನ್ಸ್. ೧೯೦೩ರಲ್ಲಿ ಆರಂಭವಾದ ಈ ಓಟ ಮೂರು ವಾರ ನಡೆಯುತ್ತದೆ. ೨೧ ದಿನಗಳ ಸವಾರಿ, ಮೂರು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ, ನಡುವೆ ಆಲ್ಪ್ಸ್ ಮತ್ತು ಪಿರನೀಸ್ ಪರ್ವತಗಳು. ದಿನದಿನದ ಹೊತ್ತನ್ನು ಕೂಡಿಸುತ್ತ ಹೋಗಿ, ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದವನಿಗೆ ಹಳದಿ ಅಂಗಿ. ಹೇಳಲು ಇಷ್ಟೇ. ನೋಡಲು ಕುಳಿತರೆ ಮಾತ್ರ ಹೊಸಬನಿಗೆ ಏನೂ ತಿಳಿಯುವುದಿಲ್ಲ. ನೂರೈವತ್ತು ಮಂದಿ ಒಂದೇ ಗುಂಪಾಗಿ ಐದು ಗಂಟೆ ಸೈಕಲ್ ತುಳಿಯುತ್ತಾರೆ. ಯಾರೋ ನಾಲ್ವರು ಮುಂದೆ ಓಡಿಹೋಗುತ್ತಾರೆ, ಯಾರೂ ಅವರನ್ನು ಬೆನ್ನಟ್ಟುವುದಿಲ್ಲ. ಕೊನೆಯ ಹತ್ತು ಕಿಲೋಮೀಟರಿನಲ್ಲಿ ಆ ನಾಲ್ವರು ಸಿಕ್ಕಿಬೀಳುತ್ತಾರೆ.

ಇದರ ಗುಟ್ಟು ಗಾಳಿಯಲ್ಲಿದೆ. ವೇಗವಾಗಿ ಹೋಗುವ ಸವಾರ ತನ್ನ ಶಕ್ತಿಯ ಬಹುಭಾಗವನ್ನು ಎದುರಿನ ಗಾಳಿಯನ್ನು ಸೀಳುವುದಕ್ಕೇ ವ್ಯಯಿಸುತ್ತಾನೆ. ಅವನ ಬೆನ್ನಿಗೆ ಅಂಟಿಕೊಂಡು ಬರುವವನಿಗೆ ಆ ಶ್ರಮದಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಆದ್ದರಿಂದ ಗುಂಪಿನೊಳಗಿದ್ದವನು ಬಲಶಾಲಿ, ಒಂಟಿಯಾದವನು ದುರ್ಬಲ. ವಿಜಯಪುರ, ಬಾಗಲಕೋಟೆ ಕಡೆಯ ಬಯಲು ಸೀಮೆಯಲ್ಲಿ ಎದುರುಗಾಳಿಗೆ ಸೈಕಲ್ ತುಳಿದು ಬೆಳೆದು, ನಾಡಿಗೆ ಪದಕ ತಂದ ನಮ್ಮ ಹುಡುಗ ಹುಡುಗಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕುರ್ಚಿಯಲ್ಲಿ ಕುಳಿತು ದೂರದರ್ಶನ ನೋಡುವ ನನ್ನಂಥವನಿಗೆ ಗಾಳಿ ಕಾಣಿಸುವುದಿಲ್ಲ. ಕಾಣದ ಗಾಳಿಯನ್ನು ಕಾಣಿಸುವುದೇ ವಿವರಣೆಕಾರನ ಕೆಲಸ.

ಈ ಕೆಲಸ ಬಾನುಲಿಯವನ ಕೆಲಸಕ್ಕಿಂತ ಸುಲಭ ಎಂದು ತೋರಬಹುದು. ನನಗೆ ಹಾಗೆ ಅನಿಸುವುದಿಲ್ಲ. ಬಾನುಲಿಯ ಶ್ರೋತೃ ಧೃತರಾಷ್ಟ್ರ. ಅವನಿಗೆ ಹೇಳಿದ್ದೆಲ್ಲ ಲಾಭವೇ. ದೂರದರ್ಶನದ ಪ್ರೇಕ್ಷಕನಿಗೆ ಕಣ್ಣಿದೆ. ಕಾಣುತ್ತಿರುವುದನ್ನೇ ಮತ್ತೆ ಹೇಳಿದರೆ ಅವನಿಗೆ ರೇಗುತ್ತದೆ, ಏನೂ ಹೇಳದಿದ್ದರೆ ನಿದ್ದೆ ಬರುತ್ತದೆ. ಕಂಡದ್ದರ ಹಿಂದೆ ಏನಿದೆ ಎಂಬುದನ್ನಷ್ಟೇ ಹೇಳಬೇಕು. ಅದನ್ನು ಹೇಳಲು ಹಿಂದೆ ಇದ್ದು ಬಂದಿರಬೇಕು.

ಶೆರ್ವೆನ್ನರು ನಿಜವಾದ ಅರ್ಥದಲ್ಲಿಯೇ ಹಿಂದೆ ಇದ್ದು ಬಂದವರು. ೧೯೫೬ರಲ್ಲಿ ಇಂಗ್ಲೆಂಡಿನ ವಿಡ್ನೆಸ್ ಎಂಬ ಊರಿನಲ್ಲಿ ಹುಟ್ಟಿ, ಪೂರ್ವ ಆಫ್ರಿಕದಲ್ಲಿ ಬಾಲ್ಯ ಕಳೆದು, ಮತ್ತೆ ಇಂಗ್ಲೆಂಡಿಗೆ ಮರಳಿ ಸೈಕಲ್ ಹಿಡಿದರು. ೧೯೭೮ರಲ್ಲಿ ವೃತ್ತಿ ಸವಾರರಾದರು. ಆ ದಿನಗಳಲ್ಲಿ ಈ ಕ್ರೀಡೆ ಫ್ರೆಂಚರ, ಬೆಲ್ಜಿಯನ್ನರ, ಇಟಾಲಿಯನ್ನರ ಸ್ವತ್ತು. ಅಲ್ಲಿ ಒಬ್ಬ ಇಂಗ್ಲಿಷ್ ಹುಡುಗನಿಗೆ ಸಿಗಬಹುದಾಗಿದ್ದ ಜಾಗ ಆಳಿನದು. ಆಳು ಎಂಬ ಮಾತನ್ನು ನಾನು ಹಗುರವಾಗಿ ಬಳಸುತ್ತಿಲ್ಲ. ಇಂಥ ಸವಾರನಿಗೆ ಫ್ರೆಂಚರು ಇಟ್ಟಿರುವ ಹೆಸರು ದೊಮೆಸ್ಟೀಕ್, ಎಂದರೆ ಮನೆಯಾಳು. ನಾಯಕನ ಮುಂದೆ ನಿಂತು ಗಾಳಿ ಸೀಳುವುದು, ಹಿಂದಿನ ಕಾರಿನಿಂದ ನೀರಿನ ಸೀಸೆಗಳನ್ನು ಅಂಗಿಯೊಳಗೆ ತುಂಬಿಕೊಂಡು ತಂದು ಹಂಚುವುದು, ನಾಯಕನ ಚಕ್ರ ಕೆಟ್ಟರೆ ತನ್ನ ಚಕ್ರ ಬಿಚ್ಚಿಕೊಡುವುದು ಅವನ ಪಾಲಿನ ಕೆಲಸ. ಶೆರ್ವೆನ್ನರು ಏಳು ಬಾರಿ ಟೂರ್ ದ ಫ್ರಾನ್ಸಿಗೆ ಹೊರಟರು, ಐದು ಬಾರಿ ಮುಗಿಸಿದರು. ೧೯೮೭ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಚಾಂಪಿಯನ್ ಆದರು. ಆದರೆ ಜನ ಅವರನ್ನು ನೆನೆಯುವುದು ಆ ಗೆಲುವಿಗಾಗಿ ಅಲ್ಲ. ೧೯೮೫ರ ಒಂದು ದಿನಕ್ಕಾಗಿ.

ಆ ದಿನದ ಓಟ ಎಪಿನಾಲ್ ಊರಿನಿಂದ ಪೊಂತಾರ್ಲಿಯೆಗೆ. ಹೊರಟ ಸ್ವಲ್ಪ ಹೊತ್ತಿಗೇ ಶೆರ್ವೆನ್ನರು ಬಿದ್ದರು. ಪೆಟ್ಟು ಬಲವಾಗಿತ್ತು. ಎದ್ದು ಸೈಕಲ್ ಹತ್ತುವಷ್ಟರಲ್ಲಿ ಗುಂಪು ಹೊರಟುಹೋಗಿತ್ತು. ಎದುರಿಗೆ ಇನ್ನೂರು ಕಿಲೋಮೀಟರುಗಳ ಗುಡ್ಡಗಾಡಿನ ದಾರಿ, ಗಾಳಿ ತಡೆಯಲು ಮುಂದೆ ಯಾರೂ ಇಲ್ಲ. ಹೀಗೆ ಒಂಟಿಯಾದವನು ಕಾರು ಹತ್ತಿದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಏಕೆಂದರೆ ಈ ಓಟದಲ್ಲಿ ಬರಿದೆ ಮುಗಿಸಿದರೆ ಸಾಲದು. ಗೆದ್ದವನ ಹೊತ್ತಿಗೆ ಇಂತಿಷ್ಟು ಶೇಕಡಾ ಸೇರಿಸಿ ಪ್ರತಿದಿನ ಒಂದು ಗಡುವು ಹಾಕುತ್ತಾರೆ. ಆ ಗಡುವು ಮೀರಿ ಬಂದವನನ್ನು ಮರುದಿನ ಹೊರಡಗೊಡುವುದಿಲ್ಲ. ಶೆರ್ವೆನ್ನರು ತುಳಿಯುತ್ತಲೇ ಹೋದರು. ಗೆದ್ದವನು ಗೆರೆ ದಾಟಿ ಒಂದು ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ ಪೊಂತಾರ್ಲಿಯೆ ಸೇರಿದರು. ಗಡುವು ಎಂದೋ ಮುಗಿದಿತ್ತು. ತೀರ್ಪುಗಾರರು ಪುಸ್ತಕದ ನಿಯಮವನ್ನು ಬದಿಗಿಟ್ಟು, ಅವರ ಧೈರ್ಯವನ್ನು ಮನ್ನಿಸಿ, ಮರುದಿನ ಹೊರಡಲು ಅನುಮತಿ ಕೊಟ್ಟರು. ಸೈಕಲ್ ಓಟದ ತೀರ್ಪುಗಾರರು ಕರುಣೆಗೆ ಹೆಸರಾದವರಲ್ಲ. ಆದ್ದರಿಂದ ಈ ಸಂಗತಿಯನ್ನು ಜನ ಇಂದಿಗೂ ಹೇಳಿಕೊಳ್ಳುತ್ತಾರೆ.

ಇದಾದ ಮರುವರ್ಷದ ಹೊತ್ತಿಗೆ, ಇನ್ನೂ ಸವಾರಿ ಬಿಡುವ ಮೊದಲೇ, ಅವರು ಲಿಗೆಟ್ಟರ ಪಕ್ಕದಲ್ಲಿ ಕುಳಿತು ಮಾತನಾಡತೊಡಗಿದ್ದರು. ನಾನು ಈ ಜೋಡಿಯನ್ನು ಕೇಳಿದ್ದು ಬಹಳ ತಡವಾಗಿ, ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ ಬೇಸಿಗೆ ಕಳೆಯಲು ಹೋದಾಗ. ಅಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಫ್ರಾನ್ಸಿನ ಮಧ್ಯಾಹ್ನದ ಓಟ ಬರುತ್ತಿತ್ತು. ಲಿಗೆಟ್ಟರ ದನಿ ಮೇಲೇರುವ ದನಿ. ೧೯೮೭ರಲ್ಲಿ ಲಾ ಪ್ಲಾನ್ಯ್ ಪರ್ವತದ ತುದಿಯಲ್ಲಿ, ನಿಮಿಷಗಟ್ಟಲೆ ಹಿಂದೆ ಬಿದ್ದಿರಬಹುದೆಂದು ಎಲ್ಲರೂ ಎಣಿಸಿದ್ದ ಐರ್ಲೆಂಡಿನ ಸ್ಟೀಫನ್ ರೋಶ್ ಇದ್ದಕ್ಕಿದ್ದಂತೆ ತಿರುವಿನಲ್ಲಿ ಕಾಣಿಸಿಕೊಂಡಾಗ ಆ ದನಿ ಕೂಗಿದ ಕೂಗನ್ನು ಸೈಕಲ್ ಪ್ರಿಯರು ಇಂದಿಗೂ ಮರೆತಿಲ್ಲ. ಶೆರ್ವೆನ್ನರ ದನಿ ಕೆಳಗಿಳಿಯುವ ದನಿ. ಲಿಗೆಟ್ಟರು ಕೂಗಿ ಮುಗಿಸಿದ ಮೇಲೆ ಅವರು ನಿಧಾನವಾಗಿ, ಪಕ್ಕದ ಮನೆಯವರು ಬೇಲಿಯಾಚೆಯಿಂದ ಮಾತನಾಡುವಂತೆ, ಆದದ್ದೇನು, ಏಕಾಯಿತು, ಮುಂದೆ ಯಾರಿಗೆ ಕಷ್ಟ ಎಂದು ಬಿಡಿಸಿ ಹೇಳುತ್ತಿದ್ದರು. ಹಿಮ್ಮೇಳದವನು ಹೀಗಿದ್ದರೆ ಮುಮ್ಮೇಳಕ್ಕೆ ಧೈರ್ಯ.

ಅವರ ನುಡಿಗಟ್ಟುಗಳನ್ನು ಅಭಿಮಾನಿಗಳು ಪಟ್ಟಿ ಮಾಡಿಟ್ಟುಕೊಂಡಿದ್ದಾರೆ. ಬಳಲಿ ಬೆಂಡಾದ ಸವಾರ ‘ಚೌಕಚೌಕವಾಗಿ ತುಳಿಯುತ್ತಿದ್ದಾನೆ’ ಎನ್ನುವುದು ಸವಾರರ ವಲಯದಲ್ಲಿ ಇದ್ದ ಮಾತೇ. ಕಾಲು ದುಂಡಗೆ ಸುತ್ತುವ ಶಕ್ತಿ ಕಳೆದುಕೊಂಡು ಮೂಲೆಮೂಲೆಗೆ ಮುಗ್ಗರಿಸುವುದನ್ನು ಒಮ್ಮೆ ಕಂಡರೆ ಆ ಮಾತಿನ ನಿಖರತೆ ತಿಳಿಯುತ್ತದೆ. ಇನ್ನೊಂದು ಹೆಚ್ಚು ಪ್ರಸಿದ್ಧ: ಸೋಲಲೊಲ್ಲದ ಸವಾರ ತನ್ನ ‘ಧೈರ್ಯದ ಸೂಟ್‌ಕೇಸ್’ ತೆರೆದು ಏನಾದರೂ ಉಳಿದಿದೆಯೇ ಎಂದು ತಡಕುತ್ತಾನಂತೆ. ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಧೈರ್ಯವನ್ನು ನಮ್ಮವರು ಎದೆಯಲ್ಲಿ ಇಟ್ಟಿದ್ದಾರೆ, ಗುಂಡಿಗೆಯಲ್ಲಿ ಇಟ್ಟಿದ್ದಾರೆ. ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟವರಿಲ್ಲ. ಆಮೇಲೆ ಯೋಚಿಸಿದರೆ, ಮೂರು ವಾರ ಪ್ರತಿ ರಾತ್ರಿ ಹೊಸ ಊರಿನ ಹೊಸ ಹೋಟೆಲಿನಲ್ಲಿ ಮಲಗಿ, ಬೆಳಗ್ಗೆ ಪೆಟ್ಟಿಗೆ ಕಟ್ಟಿಕೊಂಡು ಹೊರಡುವ ಸವಾರನ ಬಾಳಿನಿಂದಲೇ ಆ ಮಾತು ಬಂದಿರಬೇಕು ಅನಿಸಿತು. ದಿನಗಳೆದಂತೆ ಅದರಲ್ಲಿ ಒಗೆದ ಬಟ್ಟೆ ಕಡಿಮೆಯಾಗುತ್ತದೆ, ಧೈರ್ಯವೂ.

ನನ್ನ ಮಟ್ಟಿಗೆ ಅವರ ದೊಡ್ಡ ಗುಣ ನುಡಿಗಟ್ಟಲ್ಲ. ಕ್ಯಾಮೆರ ಸದಾ ಮುಂದಿರುವವನ ಮೇಲೆ. ಶೆರ್ವೆನ್ನರ ಗಮನ ಆಗಾಗ ಹಿಂದಕ್ಕೆ ಹೊರಳುತ್ತಿತ್ತು. ಪರ್ವತದ ದಿನಗಳಲ್ಲಿ ಹಿಂದುಳಿದವರೆಲ್ಲ ಒಂದಾಗಿ ಒಂದು ಗುಂಪು ಕಟ್ಟುತ್ತಾರೆ. ಇಟಾಲಿಯನ್ನರು ಅದಕ್ಕೆ ಗ್ರುಪೆತ್ತೊ ಎನ್ನುತ್ತಾರೆ, ಫ್ರೆಂಚರು ಬಸ್ಸು ಎನ್ನುತ್ತಾರೆ. ಬಯಲಿನಲ್ಲಿ ಪರಸ್ಪರ ಮೊಣಕೈ ತಿವಿದವರು ಇಲ್ಲಿ ಜೊತೆಗಾರರು. ಅವರಲ್ಲಿ ಅನುಭವಸ್ಥನೊಬ್ಬ ಗಡುವಿನ ಲೆಕ್ಕ ಹಾಕುತ್ತಾನೆ: ಏರಿನಲ್ಲಿ ಎಷ್ಟು ಕಳೆದುಕೊಳ್ಳಬಹುದು, ಇಳಿಜಾರಿನಲ್ಲಿ ಎಷ್ಟು ಗಳಿಸಬೇಕು. ಗುಂಪು ದೊಡ್ಡದಾದಷ್ಟೂ ಒಳ್ಳೆಯದು. ಗಡುವು ತಪ್ಪಿದರೂ ಅಷ್ಟೊಂದು ಜನರನ್ನು ಒಟ್ಟಿಗೆ ಮನೆಗೆ ಕಳಿಸಲು ತೀರ್ಪುಗಾರರು ಹಿಂಜರಿಯುತ್ತಾರೆ. ಇದು ಬಡವರ ಸಹಕಾರ ಸಂಘ. ಎಲ್ಲರಿಗಿಂತ ಕೊನೆಯವನಿಗೂ ಫ್ರೆಂಚರು ಒಂದು ಹೆಸರು ಕೊಟ್ಟಿದ್ದಾರೆ: ಕೆಂಪು ದೀಪ. ರೈಲಿನ ಕಟ್ಟಕಡೆಯ ಡಬ್ಬಿಗೆ ತೂಗುಹಾಕುವ ದೀಪ ಅದು. ನಮ್ಮ ಸ್ಟೇಷನ್ನುಗಳಲ್ಲಿಯೂ ಆ ದೀಪ ಕಂಡ ಮೇಲೆಯೇ ಗಾಡಿ ಪೂರ್ತಿ ಹೋಯಿತೆಂದು ಲೆಕ್ಕ.

ಹೆಲಿಕಾಪ್ಟರಿನ ಕ್ಯಾಮೆರ ಯಾವುದಾದರೊಂದು ಹಳೆಯ ಕೋಟೆಯನ್ನೋ ಅರಮನೆಯನ್ನೋ ತೋರಿಸಿದರೆ ಅದನ್ನು ಯಾರು, ಯಾವ ಶತಮಾನದಲ್ಲಿ ಕಟ್ಟಿಸಿದರೆಂದು ಶೆರ್ವೆನ್ನರು ಹೇಳಿಬಿಡುತ್ತಿದ್ದರು. ಇದನ್ನು ಗೇಲಿ ಮಾಡಿದವರೂ ಇದ್ದಾರೆ. ಐದು ಗಂಟೆಗಳ ಓಟದಲ್ಲಿ ಒಂದು ಕೋಟೆಗೆ ಅರ್ಧ ನಿಮಿಷ ಸಲ್ಲದೆ?

ಇಷ್ಟು ಹೇಳಿ ಒಂದು ಕಹಿ ಮಾತನ್ನು ಬಿಡುವಂತಿಲ್ಲ. ಸವಾರಿ ನಿಲ್ಲಿಸಿದ ಮೇಲೆ ಶೆರ್ವೆನ್ನರು ಮೊಟೊರೋಲ ಎಂಬ ತಂಡದ ಪ್ರಚಾರಾಧಿಕಾರಿಯಾಗಿದ್ದರು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಎಂಬ ತರುಣ ೧೯೯೨ರಲ್ಲಿ ವೃತ್ತಿ ಸವಾರನಾದದ್ದು ಅದೇ ತಂಡದಲ್ಲಿ. ಮುಂದೆ ಅವನು ೧೯೯೯ರಿಂದ ೨೦೦೫ರವರೆಗೆ ಏಳು ಬಾರಿ ಟೂರ್ ಗೆದ್ದಾಗ ಆ ಗೆಲುವುಗಳನ್ನು ಇಂಗ್ಲಿಷ್ ಲೋಕಕ್ಕೆ ಬಣ್ಣಿಸಿದ್ದು ಈ ಜೋಡಿಯೇ. ಮದ್ದಿನ ಬಲದ ಅನುಮಾನ ವರ್ಷ ವರ್ಷಕ್ಕೂ ದಟ್ಟವಾಯಿತು; ಅವರ ಮಾತಿನಲ್ಲಿ ಮೆಚ್ಚುಗೆಯೇ ಹೆಚ್ಚು ಕೇಳಿಸಿತು. ೨೦೧೨ರ ಅಕ್ಟೋಬರಿನಲ್ಲಿ ಆ ಏಳೂ ಗೆಲುವುಗಳನ್ನು ದಾಖಲೆಯಿಂದ ಅಳಿಸಲಾಯಿತು. ೨೦೧೩ರ ಜನವರಿಯಲ್ಲಿ ಆರ್ಮ್‌ಸ್ಟ್ರಾಂಗ್ ತಾನೇ ಒಪ್ಪಿಕೊಂಡ. ಹತ್ತಿರದವರಾದ್ದರಿಂದಲೇ ಇವರಿಗೆ ಕಾಣಲಿಲ್ಲ ಎಂದು ಟೀಕಾಕಾರರು ಹೇಳಿದರು. ಆ ಟೀಕೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಸವಾರನ ನೋವನ್ನು ಒಳಗಿನಿಂದ ಬಲ್ಲವನಿಗೆ ಸವಾರನನ್ನು ಅನುಮಾನಿಸುವುದು ಕಷ್ಟವಾಗುತ್ತದೆ; ಅವರ ವಿವರಣೆಗೆ ಜೀವ ತುಂಬಿದ ಮಮತೆಯೇ ಇಲ್ಲಿ ಅವರ ಕಣ್ಣಿಗೆ ಪೊರೆಯಾಯಿತು. ವ್ಯಾಸರ ಸಂಜಯ ಅನ್ನ ಕೊಟ್ಟ ದೊರೆಯ ಮುಖಕ್ಕೇ, ಇದು ನಿನ್ನದೇ ತಪ್ಪು ಎಂದು ಮತ್ತೆ ಮತ್ತೆ ಹೇಳಿದವನು. ಆ ಎತ್ತರಕ್ಕೆ ಶೆರ್ವೆನ್ನರು ಏರಲಿಲ್ಲ.

ಕಂಪಾಲಾದಲ್ಲಿ ನೆಲೆಸಿ, ಉಗಾಂಡದ ವನ್ಯಪ್ರಾಣಿಗಳ ರಕ್ಷಣೆಯ ಕೆಲಸದಲ್ಲಿ ತೊಡಗಿಕೊಂಡಿದ್ದ ಅವರು ಪ್ರತಿ ಜುಲೈಯಲ್ಲಿ ಫ್ರಾನ್ಸಿಗೆ ಹೋಗಿ ಬರುತ್ತಿದ್ದರು. ೨೦೧೮ರ ಟೂರ್ ಅವರ ಕೊನೆಯದಾಯಿತು. ಆ ವರ್ಷ ೧೭೬ ಮಂದಿ ಹೊರಟರು. ವೇಲ್ಸ್ ನಾಡಿನ ಗೆರಾಂಟ್ ಥಾಮಸ್ ಗೆದ್ದರು. ಆದರೆ ನಾನು ದಿನವೂ ಹುಡುಕುತ್ತಿದ್ದ ಹೆಸರು ಅಮೆರಿಕದ ಲಾಸನ್ ಕ್ರ್ಯಾಡಕ್ ಅವರದು. ಮೊದಲ ದಿನವೇ ಅವರು ಬಿದ್ದು ಭುಜದ ಹಲಗೆಯ ಮೂಳೆ ಮುರಿದುಕೊಂಡರು. ಹುಬ್ಬಿನ ಮೇಲೆ ಗಾಯ, ಮುಖದ ತುಂಬ ರಕ್ತ. ಬಾಲ್ಯದಲ್ಲಿ ತಾವು ಸೈಕಲ್ ಓಡಿಸುತ್ತಿದ್ದ ಹ್ಯೂಸ್ಟನ್ ನಗರದ ವೆಲೊಡ್ರೋಮ್ ೨೦೧೭ರ ಬಿರುಗಾಳಿಯಲ್ಲಿ ಹಾಳಾಗಿತ್ತು. ಮುಗಿಸಿದ ಪ್ರತಿ ದಿನಕ್ಕೆ ನೂರು ಡಾಲರಿನಂತೆ ಅದರ ದುರಸ್ತಿಗೆ ಕೊಡುವುದಾಗಿ ಹೇಳಿ ಅವರು ಮರುದಿನ ಮತ್ತೆ ಸೈಕಲ್ ಹತ್ತಿದರು. ಜನರೂ ಕೈಜೋಡಿಸಿದರು, ನಿಧಿ ಎರಡು ಲಕ್ಷ ಡಾಲರನ್ನು ದಾಟಿತು. ಮೊದಲ ದಿನದಿಂದ ಕೊನೆಯ ದಿನದವರೆಗೂ ಒಟ್ಟು ಪಟ್ಟಿಯ ಕಟ್ಟಕಡೆಯ ಹೆಸರು ಅವರದೇ.

ಮುರಿದ ಮೂಳೆ ಹೊತ್ತು ಗಡುವಿನೊಳಗೆ ಬರುವುದೆಂದರೇನು ಎಂಬುದನ್ನು ಆ ಜುಲೈಯಲ್ಲಿ ಮಾತನಾಡುತ್ತಿದ್ದವರಲ್ಲಿ ಪೊಂತಾರ್ಲಿಯೆಯ ದಾರಿ ತುಳಿದವರಷ್ಟು ಬಲ್ಲವರು ಯಾರಿದ್ದರು? ಜುಲೈ ೨೯ರಂದು ಪ್ಯಾರಿಸ್ಸಿನಲ್ಲಿ ಕ್ರ್ಯಾಡಕ್ ೧೪೫ನೆಯವರಾಗಿ, ಕೊನೆಯವರಾಗಿ ಟೂರ್ ಮುಗಿಸಿದರು. ನಾಲ್ಕು ತಿಂಗಳ ಮೇಲೆ ಕಂಪಾಲಾದಿಂದ ಸುದ್ದಿ ಬಂತು. ೨೦೧೯ರ ಜುಲೈಯಲ್ಲಿ ಲಿಗೆಟ್ಟರ ಪಕ್ಕದ ಕುರ್ಚಿಯಲ್ಲಿ ಬಾಬ್ ರೋಲ್ ಕುಳಿತರು. ಅವರೂ ಹಳೆಯ ಸವಾರರೇ.